ರವಿಕೆಯ ಮೂರು ಸಾಲು ಹೊಲಿಗೆ: ತೂಕ ಇಳಿಸಲು ಹೊರಟವರ ನಿರೀಕ್ಷೆಯ ಬಗ್ಗೆ ಒಂದು ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬರುವ ಮಹಿಳೆ ದಾವಣಗೆರೆ ಸಮೀಪದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಶಿಕ್ಷಕಿ. ವಯಸ್ಸು 39. ಅವರ ಒಪ್ಪಿಗೆ ಪಡೆದು, ಗುರುತು ಸಿಗಬಹುದಾದ ವಿವರಗಳನ್ನು ಕೈಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಅಪರೂಪದ ಕಾಯಿಲೆ ಇದರಲ್ಲಿ ಇಲ್ಲ. ಆಹಾರ ತಜ್ಞೆಯಾಗಿ ನನ್ನ ಮುಂದೆ ಬಂದು ಕೂರುವವರಲ್ಲಿ ಬಹುಪಾಲು ಜನರ ಕಥೆ ಇದೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರ ಪೈಕಿ ಶೇ 30ರಷ್ಟು ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಇವರಲ್ಲಿ ಅನೇಕರು ಒಂದಲ್ಲ ಒಂದು ಸಲ ತೂಕ ಇಳಿಸಲು ಹೊರಟು, ನಡುದಾರಿಯಲ್ಲಿ ಕೈಬಿಟ್ಟು, ತಪ್ಪೆಲ್ಲ ತಮ್ಮದೇ ಎಂದು ನಂಬಿ ಕುಳಿತಿರುತ್ತಾರೆ. ಆ ನಂಬಿಕೆ ಹುಟ್ಟುವುದು ಎಲ್ಲಿಂದ ಎಂಬುದು ನನಗೆ ಸ್ಪಷ್ಟವಾಗಿ ಕಂಡದ್ದು ಈ ಪ್ರಕರಣದಲ್ಲಿ.

ಅವರು ಮೊದಲ ಸಲ ಬಂದದ್ದು ಜನವರಿಯ ಆರಂಭದಲ್ಲಿ. ಎತ್ತರ 156 ಸೆಂ.ಮೀ., ತೂಕ 78.4 ಕೆ.ಜಿ.; ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ತೋರಿಸುವ ದೇಹ ತೂಕ ಸೂಚ್ಯಂಕ (ಬಿಎಂಐ) 32. ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸುವುದು ವಾಡಿಕೆ. ಸೊಂಟದ ಸುತ್ತಳತೆ 98 ಸೆಂ.ಮೀ. ಇತ್ತು, ನಮ್ಮ ಮಹಿಳೆಯರಿಗೆ 80ರ ಒಳಗಿದ್ದರೆ ಒಳ್ಳೆಯದು. ರಕ್ತದೊತ್ತಡ 138/88. ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ ಶೇ 6.1, ಅಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. ಎರಡನೇ ಬಸಿರಿನಲ್ಲಿ ಸಕ್ಕರೆ ಅಂಶ ಕಾಣಿಸಿಕೊಂಡು ಹೆರಿಗೆಯ ನಂತರ ಸರಿಹೋಗಿತ್ತು. ಅಂಥವರಿಗೆ ಮುಂದೆ ಸಕ್ಕರೆ ಕಾಯಿಲೆ ಬರುವ ಸಂಭವ ಬೇರೆಯವರಿಗಿಂತ ಹೆಚ್ಚು. ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರು, ರಕ್ತ ಪರೀಕ್ಷೆಯಲ್ಲಿ ಅದು ಹತೋಟಿಯಲ್ಲೇ ಇತ್ತು. ಹಾಗಾಗಿ ತೂಕದ ಹೊಣೆಯನ್ನು ಥೈರಾಯ್ಡ್ ಮೇಲೆ ಹೊರಿಸುವಂತಿರಲಿಲ್ಲ.

ಇವೆಲ್ಲ ನನಗೆ ಮುಖ್ಯವಾದ ಅಂಕಿಗಳು. ಅವರಿಗೆ ಮುಖ್ಯವಾದದ್ದು ಬೇರೆ ಇತ್ತು. ಕೈಚೀಲದಿಂದ ಮಡಿಸಿದ ರೇಷ್ಮೆ ರವಿಕೆಯೊಂದನ್ನು ತೆಗೆದು ಮೇಜಿನ ಮೇಲೆ ಹರಡಿದರು. ಹದಿನಾರು ವರ್ಷದ ಹಿಂದೆ ತಮ್ಮ ಧಾರೆಗೆ ಹೊಲಿಸಿದ್ದು. ಮುಂದೆ ಬೇಕಾದೀತೆಂದು ದರ್ಜಿ ಪಕ್ಕದಲ್ಲಿ ಎರಡು ಅಂಗುಲ ಬಟ್ಟೆಯನ್ನು ಒಳಗೆ ಬಿಟ್ಟು, ಒಂದರ ಪಕ್ಕ ಒಂದರಂತೆ ಮೂರು ಸಾಲು ಹೊಲಿಗೆ ಹಾಕಿದ್ದರು. ಮೊದಲ ಸಾಲನ್ನು ಹಿರಿಯ ಮಗ ಹುಟ್ಟಿದ ಮೇಲೆ ಬಿಚ್ಚಿಸಿದ್ದಾಗಿತ್ತು, ಎರಡನೆಯದನ್ನು ಮಗಳು ಹುಟ್ಟಿದ ಮೇಲೆ. ದಾರ ಹೋದ ಜಾಗದಲ್ಲಿ ಸೂಜಿಯ ಸಣ್ಣ ತೂತುಗಳು ಮಾತ್ರ ಗೆರೆಯಂತೆ ಉಳಿದಿದ್ದವು. ಈಗ ಮೂರನೆಯ ಸಾಲಿನಲ್ಲೂ ಹುಕ್ಕು ಕೂರುತ್ತಿರಲಿಲ್ಲ. ಏಪ್ರಿಲ್ ಕೊನೆಯಲ್ಲಿ ತಮ್ಮನ ಮದುವೆ. "ಮೇಡಂ, ಇದು ಮೊದಲನೇ ಹೊಲಿಗೆಗೆ ಬರಬೇಕು. ಆಗ 58 ಕೆ.ಜಿ. ಇದ್ದೆ. ಇಪ್ಪತ್ತು ಕೆ.ಜಿ. ಇಳಿಸಿಕೊಡಿ, ಏನು ಹೇಳಿದರೂ ಮಾಡುತ್ತೇನೆ," ಎಂದರು.

ನಾನು ಆ ದಿನ ಮಾಡಿದ್ದನ್ನು ಇಲ್ಲಿ ಮುಚ್ಚಿಡದೆ ಹೇಳಬೇಕು. ಕಾಗದ ತೆಗೆದುಕೊಂಡು ಲೆಕ್ಕ ಹಾಕಿ ತೋರಿಸಿದೆ. ಒಂದು ಕೆ.ಜಿ. ಕೊಬ್ಬು ಕರಗಲು ಸ್ಥೂಲವಾಗಿ 7,700 ಕ್ಯಾಲೊರಿ ಕೊರತೆ ಬೇಕು, ಇಪ್ಪತ್ತು ಕೆ.ಜಿ.ಗೆ 1,54,000, ನೂರು ದಿನಕ್ಕೆ ಹಂಚಿದರೆ ದಿನಕ್ಕೆ 1,540. ಅವರ ದೇಹ ಇಡೀ ದಿನಕ್ಕೆ ವ್ಯಯಿಸುವುದೇ ಹೆಚ್ಚುಕಡಿಮೆ 1,950. ಉಳಿಯುವುದು ನಾನೂರು ಚಿಲ್ಲರೆ ಕ್ಯಾಲೊರಿ. ಬೆಳಗಿನಿಂದ ರಾತ್ರಿಯವರೆಗೆ ಎರಡು ಜೋಳದ ರೊಟ್ಟಿ, ಅದೂ ಪಲ್ಯವಿಲ್ಲದೆ. "ಇದು ಆಗುವ ಮಾತಲ್ಲ," ಎಂದೆ. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೆ ಅವರು ಒಂದೂ ಪ್ರಶ್ನೆ ಕೇಳದೆ ರವಿಕೆಯನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಚೀಲಕ್ಕೆ ಹಾಕಿಕೊಂಡರು. ಮರುವಾರ ಬರಲಿಲ್ಲ. ಹತ್ತು ದಿನದ ಮೇಲೆ ಬಂದದ್ದು ಅವರ ಅತ್ತೆಯ ಒತ್ತಾಯದಿಂದ ಎಂದು ಆಮೇಲೆ ತಿಳಿಯಿತು. ಅತ್ತೆಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ. ಸೊಸೆಗೂ ಅದು ಬರಬಾರದೆಂಬ ಭಯ ಆ ಹಿರಿಯರಿಗಿತ್ತು.

ಎರಡನೇ ಭೇಟಿಯಲ್ಲಿ ನಾನು ಲೆಕ್ಕ ಬಿಟ್ಟು ಹಿಂದಿನ ಪ್ರಯತ್ನಗಳ ಬಗ್ಗೆ ಕೇಳಿದೆ. ಮೂರು ಸಲ ಹೊರಟಿದ್ದರು. ಮೊದಲು ಜಿಮ್, ಎರಡು ತಿಂಗಳು. ಆಮೇಲೆ ಪರಿಚಿತರೊಬ್ಬರು ಕೊಟ್ಟ ಪುಡಿಯನ್ನು ರಾತ್ರಿ ಊಟದ ಬದಲಿಗೆ ಕುಡಿದು ಆರು ವಾರದಲ್ಲಿ ಆರು ಕೆ.ಜಿ. ಇಳಿಸಿ, ವರ್ಷದೊಳಗೆ ಎಂಟು ಕೆ.ಜಿ. ಏರಿದ್ದರು. ಮೂರನೆಯದು ಮೊಬೈಲ್ ವಿಡಿಯೊ ನೋಡಿ ಅನ್ನ, ರೊಟ್ಟಿ ಎರಡನ್ನೂ ಬಿಟ್ಟದ್ದು; ಮೂರು ವಾರದಲ್ಲಿ ನಾಲ್ಕು ಕೆ.ಜಿ. ಇಳಿದಿತ್ತು, ಯುಗಾದಿಯ ಹೋಳಿಗೆಯ ದಿನ ಅದು ಮುಗಿದಿತ್ತು. ಮೂರು ಸಲವೂ ತೂಕ ಇಳಿದಿದ್ದಾಗಲೇ ಅವರು ಕೈಬಿಟ್ಟಿದ್ದರೆಂಬುದು ನನ್ನ ಗಮನಕ್ಕೆ ಬಂತು. ಯಾಕೆಂದು ಕೇಳಿದರೆ, "ಅಷ್ಟು ಕಷ್ಟಪಟ್ಟರೂ ನಾಲ್ಕೇ ಕೆ.ಜಿ." ಎಂದರು. ಅವರ ಮಾತಿನಲ್ಲಿದ್ದ ಆ 'ಏ' ಕಾರದ ಮೇಲೆಯೇ ಮುಂದಿನ ಇಡೀ ವರ್ಷ ನಾವು ಕೆಲಸ ಮಾಡಿದೆವು.

1997ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಸಂಶೋಧಕರು ತೂಕ ಇಳಿಸಲು ಬಂದ 60 ಮಹಿಳೆಯರಿಗೆ ಚಿಕಿತ್ಸೆಗೆ ಮೊದಲು ನಾಲ್ಕು ತೂಕಗಳನ್ನು ಬರೆಯಲು ಹೇಳಿದ್ದರು: ಕನಸಿನ ತೂಕ, ಖುಷಿ ಕೊಡುವ ತೂಕ, ಒಪ್ಪಿಕೊಳ್ಳಬಹುದಾದ ತೂಕ, ನಿರಾಸೆಯ ತೂಕ. ಅವರ ಗುರಿ ಸರಾಸರಿ ದೇಹತೂಕದ ಶೇ 32ರಷ್ಟು ಇಳಿಕೆಯಾಗಿತ್ತು. 17 ಕೆ.ಜಿ. ಇಳಿದರೂ ಅದು ನಿರಾಸೆಯೇ ಎಂದು ಅವರು ಬರೆದಿದ್ದರು. 48 ವಾರಗಳ ಚಿಕಿತ್ಸೆಯ ನಂತರ ಸರಾಸರಿ 16 ಕೆ.ಜಿ. ಇಳಿದಿತ್ತು. ವೈದ್ಯರ ಕಣ್ಣಿಗೆ ದೊಡ್ಡ ಯಶಸ್ಸು, ಆದರೆ ಅರ್ಧದಷ್ಟು ಮಹಿಳೆಯರು ತಮ್ಮ ನಿರಾಸೆಯ ತೂಕವನ್ನೂ ಮುಟ್ಟಿರಲಿಲ್ಲ.

ನಮ್ಮ ಶಿಕ್ಷಕಿಗೂ ಅದೇ ನಾಲ್ಕು ಪ್ರಶ್ನೆ ಕೇಳಿದೆ. ತಡಮಾಡದೆ ಬರೆದರು: 58, 62, 66, 70. ಅವರ ಪಾಲಿಗೆ ನಿರಾಸೆ ಎನಿಸಿದ ಆ 70 ಅಂದರೆ 8.4 ಕೆ.ಜಿ. ಇಳಿಕೆ, ದೇಹತೂಕದ ಶೇ 10ಕ್ಕಿಂತ ತುಸು ಹೆಚ್ಚು. ಆಹಾರ ಮತ್ತು ನಡಿಗೆಯಿಂದ ಒಂದು ವರ್ಷದಲ್ಲಿ ಅಷ್ಟು ಇಳಿಸಿಕೊಂಡವರನ್ನು ಕಂಡರೆ ನಾವು ಬೆನ್ನು ತಟ್ಟುತ್ತೇವೆ. ನಾನು ಹಬ್ಬವೆಂದು ಕರೆಯುವ ಅಂಕಿಯನ್ನು ಅವರು ಸೋಲಿನ ಕೆಳಗೆ ಬರೆದಿದ್ದರು, ಮತ್ತು ಇದು ಇಬ್ಬರಿಗೂ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ದೊಡ್ಡ ಕನಸು ಕಂಡವರೆಲ್ಲ ಸೋಲುತ್ತಾರೆಯೇ ಎಂಬ ಪ್ರಶ್ನೆಗೆ ಸಂಶೋಧನೆಗಳು ಒಂದೇ ದನಿಯಲ್ಲಿ ಉತ್ತರಿಸುವುದಿಲ್ಲ. 2005ರಲ್ಲಿ ಇಟಲಿಯ ಹಲವು ಚಿಕಿತ್ಸಾ ಕೇಂದ್ರಗಳಲ್ಲಿ ನಡೆದ ಅಧ್ಯಯನದಲ್ಲಿ ನಿರೀಕ್ಷೆ ಹೆಚ್ಚಾದಷ್ಟೂ ನಡುವೆ ಬಿಟ್ಟುಹೋಗುವವರು ಹೆಚ್ಚಿದ್ದರು. ಆದರೆ 2013ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಪ್ರಸಿದ್ಧ ಲೇಖನವೊಂದು, ವಾಸ್ತವಿಕ ಗುರಿ ಇಟ್ಟುಕೊಳ್ಳದಿದ್ದರೆ ತೂಕ ಕಡಿಮೆ ಇಳಿಯುತ್ತದೆ ಎಂಬುದನ್ನು ಪುರಾವೆಗೆ ವಿರುದ್ಧವಾದ ನಂಬಿಕೆಗಳ ಸಾಲಿಗೆ ಸೇರಿಸಿತು. ದೊಡ್ಡ ಗುರಿಯವರು ಕೆಲವೊಮ್ಮೆ ಹೆಚ್ಚೇ ಇಳಿಸುತ್ತಾರೆ ಎಂದಿತು. ಎರಡನ್ನೂ ಎದುರಿಗಿಟ್ಟುಕೊಂಡು ನಾನು ಬಂದ ತೀರ್ಮಾನ ಇಷ್ಟು: 58ರ ಕನಸನ್ನು ಕಿತ್ತುಕೊಳ್ಳುವ ಹಕ್ಕು ನನಗಿಲ್ಲ, ಅದರಿಂದ ಲಾಭವೂ ಇಲ್ಲ. ಮೊದಲ ಭೇಟಿಯಲ್ಲಿ ನಾನು ಕಿತ್ತುಕೊಂಡದ್ದು ಅದನ್ನೇ. ಬಿಡಿಸಬೇಕಾದದ್ದು ಕನಸಿಗೂ ಏಪ್ರಿಲ್ ತಿಂಗಳಿಗೂ ಹಾಕಿದ್ದ ಗಂಟನ್ನು. ಜೊತೆಗೆ, ದಾರಿಯಲ್ಲಿ ಸಿಗುವ ಪ್ರತಿ ಕೆ.ಜಿ.ಯೂ ದೇಹಕ್ಕೆ ಏನು ಕೊಡುತ್ತದೆ ಎಂಬುದನ್ನು ಅವರ ಕೈಗೆ ಮೊದಲೇ ಕೊಡಬೇಕಿತ್ತು.

ಹಾಗೆ ಹೇಳಲು ಗಟ್ಟಿ ಆಧಾರವಿದೆ. 2002ರಲ್ಲಿ ಪ್ರಕಟವಾದ ಅಮೆರಿಕದ ಮಧುಮೇಹ ತಡೆ ಅಧ್ಯಯನದಲ್ಲಿ ಹೊಸ್ತಿಲಲ್ಲಿದ್ದವರಿಗೆ ಕೊಟ್ಟ ಗುರಿ ಶೇ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷದ ನಡಿಗೆಯಂಥ ಚಟುವಟಿಕೆ. ಅಷ್ಟಕ್ಕೇ ಸಕ್ಕರೆ ಕಾಯಿಲೆಗೆ ಜಾರುವವರ ಪ್ರಮಾಣ ಶೇ 58ರಷ್ಟು ತಗ್ಗಿತು. ನಮಗೆ ಇನ್ನೂ ಹತ್ತಿರದ್ದು 2006ರಲ್ಲಿ ಪ್ರಕಟವಾದ ಚೆನ್ನೈನ ಅಧ್ಯಯನ. ಅಲ್ಲಿ ಊಟ ಮತ್ತು ನಡಿಗೆ ಬದಲಿಸಿಕೊಂಡವರ ತೂಕ ಹೇಳಿಕೊಳ್ಳುವಷ್ಟು ಇಳಿಯಲೇ ಇಲ್ಲ, ಆದರೂ ಕಾಯಿಲೆಗೆ ಜಾರುವ ಸಂಭವ ಶೇ 28ರಷ್ಟು ಕಡಿಮೆಯಾಗಿತ್ತು. ಇದನ್ನು ಹೇಳಿದಾಗ ಅವರು ಮೊದಲ ಬಾರಿಗೆ ಪೆನ್ನು ತೆಗೆದುಕೊಂಡು ಬರೆದುಕೊಂಡರು. ತೂಕದ ಯಂತ್ರದ ಮುಳ್ಳು ಅಲುಗಾಡದ ದಿನಗಳಲ್ಲೂ ಒಳಗೆ ಕೆಲಸ ನಡೆದಿರುತ್ತದೆ ಎಂಬುದು ಅವರಿಗೆ ಹೊಸ ವಿಷಯವಾಗಿತ್ತು.

ಹದಿನಾಲ್ಕು ವಾರಕ್ಕೆ ನಾಲ್ಕರಿಂದ ಆರು ಕೆ.ಜಿ. ಎಂದು ಬರೆದೆವು. ಅದರ ಪಕ್ಕದಲ್ಲಿ ಸೊಂಟದ ಅಳತೆ, ರಕ್ತದೊತ್ತಡ, ಎಚ್‌ಬಿಎ1ಸಿ ಮತ್ತು ಶಾಲೆಯ ಮಹಡಿ ಮೆಟ್ಟಿಲು ಹತ್ತುವಾಗಿನ ಮಂಡಿನೋವು. 58 ಅನ್ನು ಅಳಿಸಲಿಲ್ಲ. ಅದರ ಮುಂದೆ ದಿನಾಂಕ ಬರೆಯಲಿಲ್ಲ, ಅಷ್ಟೇ.

ಆಹಾರದ ವಿಷಯಕ್ಕೆ ಬಂದರೆ, ಐದು ಜನರ ಮನೆಯಲ್ಲಿ ತಮಗೊಬ್ಬರಿಗೇ ಬೇರೆ ಅಡುಗೆ ಮಾಡಿಕೊಳ್ಳುವುದು ಅವರಿಂದ ಆಗುತ್ತಿರಲಿಲ್ಲ. ಶಾಲೆಗೆ ಎಂಟೂವರೆಗೆ ಬಸ್ಸು ಹಿಡಿಯಬೇಕು. ಹಾಗಾಗಿ ಮನೆಯ ಕಿರಾಣಿ ಚೀಟಿಯನ್ನೇ ತರಿಸಿದೆ. ತಿಂಗಳಿಗೆ ಆರು ಲೀಟರ್ ಅಡುಗೆ ಎಣ್ಣೆ. ಲೀಟರಿಗೆ ಸುಮಾರು 910 ಗ್ರಾಂ, ಗ್ರಾಮಿಗೆ 9 ಕ್ಯಾಲೊರಿ. ಐವರಿಗೆ ಹಂಚಿದರೆ ತಲೆಗೆ ದಿನಕ್ಕೆ 36 ಗ್ರಾಂ, ಅಂದರೆ 320 ಕ್ಯಾಲೊರಿಯಷ್ಟು ಎಣ್ಣೆಯೊಂದರಿಂದಲೇ. ಮನೆಯಲ್ಲಿ ಮತ್ತು ಸ್ಟಾಫ್ ರೂಮಿನಲ್ಲಿ ಸೇರಿ ಐದು ಲೋಟ ಚಹಾ, ಲೋಟಕ್ಕೆ ಎರಡು ಚಮಚ ಸಕ್ಕರೆ. ಅದು ಇನ್ನೊಂದು 200 ಕ್ಯಾಲೊರಿ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಸಹೋದ್ಯೋಗಿಗಳ ಜೊತೆ ಮಂಡಕ್ಕಿ, ಮಿರ್ಚಿ, ವಾರಕ್ಕೆ ನಾಲ್ಕು ದಿನ. ರೊಟ್ಟಿಯನ್ನೂ ಅನ್ನವನ್ನೂ ದೂರುತ್ತಿದ್ದ ಅವರಿಗೆ ಈ ಲೆಕ್ಕ ಕಂಡು ಆಶ್ಚರ್ಯವಾಯಿತು.

ಎಣ್ಣೆಯನ್ನು ಆರರಿಂದ ನಾಲ್ಕು ಲೀಟರಿಗೆ ಇಳಿಸುವ ಹೊಣೆಯನ್ನು ಅತ್ತೆ ವಹಿಸಿಕೊಂಡರು. ಒಗ್ಗರಣೆಗೆ ಕ್ಯಾನಿನಿಂದ ನೇರವಾಗಿ ಸುರಿಯುವುದನ್ನು ಬಿಟ್ಟು ಚಮಚದಲ್ಲಿ ಅಳೆದು ಹಾಕತೊಡಗಿದರು. ಚಹಾ ಎರಡು ಲೋಟಕ್ಕೆ, ಸಕ್ಕರೆ ಒಂದೊಂದು ಚಮಚಕ್ಕೆ ಇಳಿಯಿತು. ಮಧ್ಯಾಹ್ನದ ಡಬ್ಬಿಯಲ್ಲಿ ಚಿತ್ರಾನ್ನದ ಜಾಗವನ್ನು ಅರ್ಧದಷ್ಟು ಹೆಸರುಕಾಳು ಉಸಲಿಗೆ, ಸೊಪ್ಪಿನ ಪಲ್ಯಕ್ಕೆ ಬಿಟ್ಟುಕೊಟ್ಟರು. ತೂಕ ಇಳಿಯುವಾಗ ಕೊಬ್ಬಿನ ಜೊತೆ ಮಾಂಸಖಂಡವೂ ಹೋಗುವುದರಿಂದ ಕಾಳು, ಮೊಸರು, ಮೊಟ್ಟೆ ಕಡಿಮೆಯಾಗಬಾರದು. ರಾತ್ರಿಯ ಎರಡು ರೊಟ್ಟಿ ಹಾಗೆಯೇ ಉಳಿದವು. ಮಿರ್ಚಿ ವಾರಕ್ಕೊಂದು ದಿನ. ಸಂಜೆ ಶಾಲೆ ಬಿಟ್ಟ ಮೇಲೆ ಆಟದ ಮೈದಾನದಲ್ಲಿ ಅರ್ಧ ಗಂಟೆ ನಡಿಗೆ, ವಾರಕ್ಕೆ ಐದು ದಿನ. ನಡಿಗೆಯಿಂದಲೇ ತೂಕ ಇಳಿಯುತ್ತದೆ ಎಂದು ನಾನು ಯಾರಿಗೂ ಹೇಳುವುದಿಲ್ಲ. ಅರ್ಧ ಗಂಟೆಯಲ್ಲಿ ಖರ್ಚಾದದ್ದು ಎರಡು ಮಿರ್ಚಿಯಲ್ಲಿ ಮರಳಿ ಬರುತ್ತದೆ. ನಡಿಗೆಯ ಫಲ ಸಕ್ಕರೆಗೆ, ರಕ್ತದೊತ್ತಡಕ್ಕೆ, ನಿದ್ದೆಗೆ, ಇಳಿದ ತೂಕ ನಿಲ್ಲುವುದಕ್ಕೆ.

ಮೊದಲ ವಾರಕ್ಕೆ 78.4 ಇದ್ದದ್ದು 76.9 ಆಯಿತು. ಹೀಗಾಗುತ್ತದೆಂದು ನಾನು ಮುಂಚೆಯೇ ಅವರ ಪುಸ್ತಕದಲ್ಲಿ ಬರೆದುಕೊಟ್ಟಿದ್ದೆ: ಯಕೃತ್ತು ಮತ್ತು ಮಾಂಸಖಂಡಗಳಲ್ಲಿ ಸಕ್ಕರೆಯ ದಾಸ್ತಾನು ಗ್ಲೈಕೋಜನ್ ರೂಪದಲ್ಲಿರುತ್ತದೆ, ಅದರ ಪ್ರತಿ ಗ್ರಾಮಿನ ಜೊತೆ ಸುಮಾರು ಮೂರು ಗ್ರಾಂ ನೀರು ಇರುತ್ತದೆ, ಊಟ ತಗ್ಗಿದಾಗ ಮೊದಲು ಹೋಗುವುದು ಅದು. ಮೂರು ವಾರದಲ್ಲಿ ನಾಲ್ಕು ಕೆ.ಜಿ. ಇಳಿದ ಹಿಂದಿನ ಪ್ರಯತ್ನದಲ್ಲೂ ಬಹುಪಾಲು ನಡೆದದ್ದು ಇದೇ. ಆ ಓಟವನ್ನು ನಿಜವೆಂದು ನಂಬಿದ್ದರಿಂದಲೇ ನಾಲ್ಕನೇ ವಾರದ ನಿಧಾನಗತಿ ಅವರಿಗೆ ಸೋಲಾಗಿ ಕಂಡಿತ್ತು.

ಈ ಸಲವೂ ನಾಲ್ಕನೇ ವಾರ ಬಂತು. ಮೂರನೇ ವಾರದ ಕೊನೆಗೆ 76.1 ಇದ್ದದ್ದು ನಾಲ್ಕರ ಕೊನೆಗೆ 76.6. ಬೆಳಗ್ಗೆ ಏಳು ಗಂಟೆಗೇ ಫೋನ್ ಬಂತು. "ಮೇಡಂ, ಏರಿದೆ. ನಾನು ಏನೂ ತಪ್ಪು ಮಾಡಿಲ್ಲ," ಎಂದು ಅಳುತ್ತಿದ್ದರು. ಹಿಂದಿನ ದಿನ ಗೃಹಪ್ರವೇಶದ ಊಟದಲ್ಲಿ ಉಪ್ಪಿನಕಾಯಿ, ಹಪ್ಪಳ ಸೇರಿತ್ತು, ಮುಟ್ಟಿನ ದಿನ ಹತ್ತಿರವಿತ್ತು; ಎರಡೂ ದೇಹದಲ್ಲಿ ನೀರು ನಿಲ್ಲಿಸುತ್ತವೆ. ಅರ್ಧ ಕೆ.ಜಿ. ಕೊಬ್ಬು ಒಂದೇ ದಿನದಲ್ಲಿ ಸೇರಬೇಕಾದರೆ ಎಂದಿನ ಊಟದ ಮೇಲೆ ಇನ್ನೂ 3,800 ಕ್ಯಾಲೊರಿ ತಿನ್ನಬೇಕಿತ್ತು. ಅವರಿಗೆ ಪುಸ್ತಕದ ಆರನೇ ಪುಟ ತೆಗೆಯಲು ಹೇಳಿದೆ. ಅಲ್ಲಿ, ಎರಡನೇ ಭೇಟಿಯ ದಿನ ಅವರದೇ ಕೈಬರಹದಲ್ಲಿ, "ಒಂದು ವಾರ ತೂಕ ಏರುತ್ತದೆ. ಆ ವಾರ ಬಿಡಬೇಕೆನಿಸುತ್ತದೆ. ಸೊಂಟ ಅಳೆದು ನೋಡುವುದು" ಎಂದಿತ್ತು. ಅಳೆದರು. 96. ಶುರುವಿನಲ್ಲಿ ಇದ್ದದ್ದು 98. ಆ ಸಾಲುಗಳನ್ನು ನಾನು ಬರೆದುಕೊಟ್ಟಿದ್ದರೆ ಅವರು ನಂಬುತ್ತಿದ್ದರೋ ಇಲ್ಲವೋ. ತಮ್ಮ ಅಕ್ಷರದಲ್ಲೇ ಇದ್ದುದರಿಂದ ನಂಬಿದರು ಎಂಬುದು ನನ್ನ ಅನಿಸಿಕೆ. ಅಲ್ಲಿಂದೀಚೆಗೆ ಎಲ್ಲರಿಗೂ ಈ ಪುಟವನ್ನು ಮೊದಲೇ ಅವರ ಕೈಯಲ್ಲೇ ಬರೆಸುತ್ತೇನೆ.

ಮದುವೆಯ ವಾರ ತೂಕ 73.2. ಒಟ್ಟು 5.2 ಕೆ.ಜಿ., ಶೇ 6.6. ಸೊಂಟ 92, ರಕ್ತದೊತ್ತಡ 128/82, ಎಚ್‌ಬಿಎ1ಸಿ 5.8. ರವಿಕೆ ಮೂರನೆಯ ಹೊಲಿಗೆಯಲ್ಲಿ, ಅಂದರೆ ಎಲ್ಲಕ್ಕಿಂತ ಸಡಿಲವಾದ ಸಾಲಿನಲ್ಲಿ, ಉಸಿರು ಬಿಗಿಹಿಡಿಯದೆ ಹುಕ್ಕು ಹಾಕಿಕೊಳ್ಳುವಂತಾಯಿತು. ಮೊದಲ ಹೊಲಿಗೆಯ ಮಾತು ದೂರವೇ ಉಳಿಯಿತು. ಛತ್ರದಲ್ಲಿ ಚಿಕ್ಕಮ್ಮನೊಬ್ಬರು ಎಲ್ಲರೆದುರು, "ಡಯಟ್ ಮಾಡ್ತಿದ್ದೀನಿ ಅಂದಿದ್ದೆ, ಇನ್ನೂ ಹಂಗೇ ಇದ್ದೀಯಲ್ಲೇ," ಎಂದರಂತೆ. ಈ ಮಾತನ್ನು ನನಗೆ ಹೇಳುವಾಗ ಅವರ ಗಂಟಲು ಕಟ್ಟಿತ್ತು. ಐದು ಕೆ.ಜಿ. ಇಳಿದದ್ದು ನೆಂಟರ ಕಣ್ಣಿಗೆ ಬೀಳದೆ ಇರಬಹುದೆಂದು ನಾನು ಮೊದಲೇ ಎಚ್ಚರಿಸಬೇಕಿತ್ತು, ಅದು ನನಗೆ ಹೊಳೆದಿರಲಿಲ್ಲ. ತೂಕದ ಯಂತ್ರದಿಂದ ಏನನ್ನು ಬಯಸಬೇಕೆಂದು ಇಬ್ಬರೂ ಕೂತು ಬರೆದಿದ್ದೆವು. ಬಂಧುಗಳಿಂದ ಏನನ್ನು ಬಯಸಬೇಕೆಂದು ಬರೆದಿರಲಿಲ್ಲ. ಅದೇ ಛತ್ರದ ಮೆಟ್ಟಿಲನ್ನು ಕಂಬಿ ಹಿಡಿಯದೆ ನಾಲ್ಕು ಸಲ ಹತ್ತಿಳಿದದ್ದನ್ನು ಅವರು ಮಾತು ಮುಗಿದ ಮೇಲೆ, ಎದ್ದು ಹೊರಡುವಾಗ ಹೇಳಿದರು.

ಆರನೇ ತಿಂಗಳಿಗೆ 71.8. ಅಲ್ಲಿಂದ ಒಂಬತ್ತನೇ ತಿಂಗಳವರೆಗೆ ಮುಳ್ಳು 71.5 ಮತ್ತು 72.4ರ ನಡುವೆಯೇ ತೂಗಾಡಿತು. ನನ್ನ ಮೊದಲ ದಿನದ ಕಾಗದದ ಲೆಕ್ಕ ಇಲ್ಲಿ ಪೂರ್ತಿ ಕೈಕೊಡುತ್ತದೆ. ದಿನಕ್ಕೆ 450 ಕ್ಯಾಲೊರಿ ಕಡಿಮೆ ತಿಂದರೆ 7,700ರ ಲೆಕ್ಕದಲ್ಲಿ ವರ್ಷಕ್ಕೆ 21 ಕೆ.ಜಿ. ಇಳಿಯಬೇಕು. ಯಾರಿಗೂ ಹಾಗೆ ಇಳಿಯುವುದಿಲ್ಲ, ಏಕೆಂದರೆ ತೂಕ ಇಳಿದಂತೆ ದೇಹದ ಖರ್ಚೂ ಇಳಿಯುತ್ತದೆ, ಹಸಿವು ಏರುತ್ತದೆ. 2011ರಲ್ಲಿ ಅಮೆರಿಕದ ಸಂಶೋಧಕ ಕೆವಿನ್ ಹಾಲ್ ಮತ್ತು ಸಂಗಡಿಗರು ಕೊಟ್ಟ ಲೆಕ್ಕ ಹೆಚ್ಚು ಪ್ರಾಮಾಣಿಕ: ದಿನಕ್ಕೆ 24 ಕ್ಯಾಲೊರಿಯ ಶಾಶ್ವತ ಕಡಿತಕ್ಕೆ ಕೊನೆಗೆ ಒಂದು ಕೆ.ಜಿ. ಇಳಿಯುತ್ತದೆ, ಅದರಲ್ಲಿ ಅರ್ಧ ಮೊದಲ ವರ್ಷದಲ್ಲಿ, ಉಳಿದದ್ದರ ಬಹುಪಾಲು ಮೂರು ವರ್ಷದೊಳಗೆ. ಆ ಪ್ರಕಾರ ಒಂದು ದಿನವೂ ತಪ್ಪದೆ ನಡೆದರೂ ಅವರಿಗೆ ಮೊದಲ ವರ್ಷ ಒಂಬತ್ತು ಕೆ.ಜಿ. ಆಸುಪಾಸು. ಹಬ್ಬ, ಜಾತ್ರೆ, ಪರೀಕ್ಷೆಯ ಪೇಪರ್ ತಿದ್ದುವ ರಾತ್ರಿಗಳಿರುವ ಬದುಕಿನಲ್ಲಿ ಅದಕ್ಕಿಂತ ಕಡಿಮೆಯೇ. ಈ ಲೆಕ್ಕವನ್ನು ಮೊದಲ ದಿನ ಹೇಳದೆ ಹಳೆಯದನ್ನು ಹೇಳಿದ್ದು ನನ್ನ ಎರಡನೇ ತಪ್ಪು.

ಮುಳ್ಳು ನಿಂತ ಆ ತಿಂಗಳುಗಳಲ್ಲಿ ಅವರು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಬಗ್ಗೆ ಕೇಳಿದರು. ತೂಕ ಇಳಿಸುವ ಅಂಥ ಔಷಧಗಳಲ್ಲೊಂದಾದ ಸೆಮಾಗ್ಲುಟೈಡ್‌ನ 2021ರ ಪ್ರಯೋಗದಲ್ಲಿ 68 ವಾರದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿದದ್ದು ನಿಜ. ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡರಷ್ಟು ಮರಳಿ ಬಂದದ್ದೂ ನಿಜ. ಅವರ ವೈದ್ಯರು ಎರಡನ್ನೂ ವಿವರಿಸಿದ ಮೇಲೆ ಸದ್ಯಕ್ಕೆ ಬೇಡವೆಂದು ಅವರೇ ನಿರ್ಧರಿಸಿದರು. ಬೇಕೆಂದಿದ್ದರೂ ನಾನು ತಡೆಯುತ್ತಿರಲಿಲ್ಲ.

ದೀಪಾವಳಿ ಕಳೆದಾಗ 73.0ಕ್ಕೆ ಏರಿತ್ತು. ಈ ಸಲ ಫೋನ್ ಬರಲಿಲ್ಲ. ಪುಸ್ತಕದಲ್ಲಿ "ಕರಜಿಕಾಯಿ, ಒಂಬತ್ತು ದಿನ" ಎಂದು ಬರೆದು, ಮುಂದಿನ ಸೋಮವಾರದಿಂದ ಮೈದಾನದ ನಡಿಗೆಗೆ ಮರಳಿದ್ದರು. ವರ್ಷ ತುಂಬಿದ ದಿನ ತೂಕ 71.1. ಒಟ್ಟು 7.3 ಕೆ.ಜಿ., ಶೇ 9.3. ಸೊಂಟ 89, ಎಚ್‌ಬಿಎ1ಸಿ 5.6, ಅಂದರೆ ಹೊಸ್ತಿಲಿನಿಂದ ಹಿಂದಕ್ಕೆ. ನಾಲ್ಕು ತೂಕ ಬರೆದಿದ್ದ ಹಳೆಯ ಹಾಳೆಯನ್ನು ಅವರ ಮುಂದಿಟ್ಟೆ. 71.1 ಆ ಹಾಳೆಯಲ್ಲಿ ಎಲ್ಲೂ ಇರಲಿಲ್ಲ, ನಿರಾಸೆಯ 70ಕ್ಕಿಂತಲೂ ಅದು ಮೇಲೆ. ಬಹಳ ಹೊತ್ತು ನೋಡಿ, 70ರ ಮುಂದಿದ್ದ 'ನಿರಾಸೆ' ಎಂಬ ಪದವನ್ನು ಹೊಡೆದು ಹಾಕಿ 'ಯುಗಾದಿ ಹೊತ್ತಿಗೆ' ಎಂದು ಬರೆದರು. 58 ಹಾಗೆಯೇ ಉಳಿಯಿತು.

ಅದೇ ದಿನ ರವಿಕೆಯನ್ನೂ ತಂದಿದ್ದರು. ದರ್ಜಿ ಎರಡನೇ ಸಾಲನ್ನು ಹಳೆಯ ಸೂಜಿ ತೂತುಗಳ ಮೇಲೆಯೇ ಮತ್ತೆ ಹೊಲಿದಿದ್ದರು. ಹೊಸ ದಾರ ಹಳೆಯ ರೇಷ್ಮೆಗಿಂತ ತುಸು ಗಾಢವಾಗಿತ್ತು. ಒಳಗಿನ ಹೆಚ್ಚಿನ ಬಟ್ಟೆ ಇನ್ನು ಬೇಡವೆಂದು ದರ್ಜಿ ಕತ್ತರಿಸಲು ಹೊರಟಾಗ ಇವರು ತಡೆದು, ಅದನ್ನು ಇದ್ದ ಹಾಗೆಯೇ ಬಿಡಿಸಿಕೊಂಡು ಬಂದಿದ್ದರು.